ಮಂಜುಗಡ್ಡೆ ಅಳೆಯುವವರ ಪಂಕ್ತಿಭೇದ

ಸುಂಡ್‌ಬೀಬರ್ಯ್

ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ಪರೀಕ್ಷೆ ಬಂತೆಂದರೆ ಕಾಪಿ ಹಿಡಿಯುವ ಸ್ಕ್ವಾಡಿನ ಜೀಪು ಹತ್ತಿ ಚಿತ್ರದುರ್ಗ ಜಿಲ್ಲೆಯ ಶಾಲೆಗಳಿಗೆ ಹೇಳದೆ ಕೇಳದೆ ನುಗ್ಗುತ್ತಿದ್ದವಳು ನಾನು. ಹುಡುಗರ ಕಾಲುಚೀಲ, ಹುಡುಗಿಯರ ಜಡೆ, ಕಾಂಪೌಂಡಿನಾಚೆ ನಿಂತು ಸುಮ್ಮಸುಮ್ಮನೆ ಕೆಮ್ಮುವ ಅಪ್ಪಂದಿರು, ಯಾರನ್ನೂ ನಂಬಿದವಳಲ್ಲ. ನಿವೃತ್ತಿಯಾದ ಮೇಲೆ ಈ ರೋಗ ಬಿಡುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಮಾತು! ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅನ್ನಿಸುತ್ತದೆ. ಇಂಥ ನನ್ನನ್ನು ಸ್ವೀಡನ್ನಿಗೆ ಕರೆಸಿಕೊಂಡಿದ್ದು ನನ್ನ ಅಣ್ಣನ ಮಗಳು ಮಾನಸಾ. ಹತ್ತನೇ ಕ್ಲಾಸು ಮುಗಿಯುವವರೆಗೆ ನನ್ನ ಮನೆಯಲ್ಲೇ ಇದ್ದು ಓದಿದ ಹುಡುಗಿ. ಮಕ್ಕಳಿಲ್ಲದ ನನಗೆ ಮಗಳು ಅಂದರೂ ಅವಳೇ.

ಮೊದಲು ಇಳಿದುಕೊಂಡಿದ್ದು ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ, ಮಾನಸಾಳ ಗೆಳತಿ ದೀಪಾಳ ಬಾಡಿಗೆ ಮನೆಯಲ್ಲಿ. ದೀಪಾ ಬೆಂಗಳೂರಿನ ರಾಜಾಜಿನಗರದವಳು. "ಆಂಟಿ, ಇಲ್ಲಿ ಯಾರೂ ಏನೂ ಮಾಡಲ್ಲ, ಆರಾಮಾಗಿ ವಾಕ್ ಹೋಗ್ಬನ್ನಿ" ಎಂದು ಮನೆಯ ಕೀ ಕೊಟ್ಟು ಆಫೀಸಿಗೆ ಹೋದಳು. ಯಾರೂ ಏನೂ ಮಾಡಲ್ಲ ಅನ್ನುವ ಊರನ್ನು ನಾನು ಈ ಭೂಮಿಯ ಮೇಲೆ ಇನ್ನೂ ನೋಡಿಲ್ಲ. ಚಳಿಗೆ ಎರಡು ಸ್ವೆಟರ್ ಏರಿಸಿಕೊಂಡು ಹೊರಟೆ.

ಒಂದು ಕಾಫಿ ಅಂಗಡಿಯ ಮುಂದೆ ಮಕ್ಕಳನ್ನು ತಳ್ಳುವ ಗಾಡಿಯಲ್ಲಿ ಒಂದು ಕೂಸು ಮಲಗಿತ್ತು. ಸುತ್ತ ಹಿಮ. ಪಕ್ಕದಲ್ಲಿ ನರಪಿಳ್ಳೆ ಇಲ್ಲ. ಅಯ್ಯೋ ದೇವರೇ, ಹೆತ್ತವರು ಬಿಟ್ಟುಹೋದರೋ, ಕದ್ದವರು ಇಟ್ಟುಹೋದರೋ! ಕೂಸಿನ ಮೂಗು ಕೆಂಪಗಾಗಿತ್ತು, ಆದರೆ ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು. ನಾನು ಗಾಡಿಯ ಹಿಡಿ ಹಿಡಿದು ಕಾವಲಿಗೆ ನಿಂತೆ. ಹೋಗಿ ಬರುವವರನ್ನೆಲ್ಲ ಗುರಾಯಿಸಿದೆ. ಸ್ವಲ್ಪ ಹೊತ್ತಿಗೆ ಅಂಗಡಿಯೊಳಗಿನಿಂದ ಒಬ್ಬ ಹೆಂಗಸು ಓಡಿಬಂದು ಗಾಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಅವಳೇ ತಾಯಿಯಂತೆ. ಕಿಟಕಿಯೊಳಗೆ ಕೂತು ಕಾಫಿ ಕುಡಿಯುತ್ತ ಕೂಸನ್ನು ನೋಡುತ್ತಲೇ ಇದ್ದಳಂತೆ. ನನ್ನನ್ನು ಕಂಡೇ ಅವಳಿಗೆ ಗಾಬರಿ.

ಸಂಜೆ ಈ ಕಥೆ ಕೇಳಿ ದೀಪಾ ಬಿದ್ದು ಬಿದ್ದು ನಕ್ಕಳು. "ಇಲ್ಲಿ ಎಲ್ಲರೂ ಹಾಗೇ ಮಲಗಿಸ್ತಾರೆ ಆಂಟಿ. ಡಾಗಿಸ್‌ನಲ್ಲೂ ಮಕ್ಕಳನ್ನ ಹೊರಗೇ ಮಲಗಿಸೋದು. ತಣ್ಣನೆ ಗಾಳಿ ಒಳ್ಳೇದಂತೆ."

ಡಾಗಿಸ್ ಅಂದರೆ ಇವರ ಶಿಶುವಿಹಾರ. ಮಕ್ಕಳನ್ನು ಹಿಮದಲ್ಲಿ ಮಲಗಿಸುವ ಜನ ಇನ್ನೇನು ಮಾಡಲಿಕ್ಕಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಾರ್‌ಶೋಪಿಂಗ್

ಮಾನಸಾ ಸಂಶೋಧನೆ ಮಾಡುವ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಇರುವುದು ಈ ಊರಿನಲ್ಲಿ. ಅವಳ ಕೆಲಸ ಏನೆಂದು ದುರ್ಗದಲ್ಲಿ ಯಾರು ಕೇಳಿದರೂ "ಐಸಿನ ಮೇಲೆ ಏನೋ" ಎನ್ನುತ್ತಿದ್ದೆ. ಈಗ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಉತ್ತರ ಧ್ರುವದ ಸಮುದ್ರದ ಮೇಲೆ ತೇಲುವ ಮಂಜುಗಡ್ಡೆ ಎಷ್ಟು ದಪ್ಪ ಇದೆ, ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆಯೇ ಎಂದು ಪುಟ್ಟ ವಿಮಾನದಲ್ಲಿ ಕೂತು ಅಳೆಯುತ್ತಾರೆ. ವಿಮಾನದ ಹೊಟ್ಟೆಯಿಂದ ಬೆಳಕನ್ನೂ ರೇಡಿಯೊ ಅಲೆಯನ್ನೂ ಕೆಳಗೆ ಬಿಡುತ್ತಾರೆ. ಅವು ತಾಗಿ ವಾಪಸು ಬರುವ ಹೊತ್ತಿನಿಂದ ಮಂಜು ನೀರಿನ ಮೇಲೆ ಎಷ್ಟು ಎದ್ದಿದೆ ಎಂದು ತಿಳಿಯುತ್ತದೆ. ನೀರಿನೊಳಗೆ ಮುಳುಗಿದ್ದು ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ಕಂಡುಹಿಡಿಯಬೇಕು. ಆ ಲೆಕ್ಕವೇ ಮಾನಸಾಳ ಕೆಲಸ.

"ಯಾರೂ ನೋಡದ ಜಾಗ, ಕಣ್ಣಿಗೆ ಕಾಣದ ಭಾಗ, ನೀವು ಹೇಳಿದ್ದೇ ಅಳತೆ. ಚೆನ್ನಾಗಿದೆ ಕಣೇ ನಿಮ್ಮ ವ್ಯಾಪಾರ!" ಅಂದೆ.

"ಅದಕ್ಕೇ ಅತ್ತೆ, ಮೊದಲು ಇಲ್ಲಿ ಟ್ರಯಲ್ ಮಾಡೋದು. ಉತ್ತರದಲ್ಲಿ ಲೂಲಿಯೊ ಅಂತ ಊರಿದೆ, ಅಲ್ಲಿ ಸಮುದ್ರ ಹೆಪ್ಪುಗಟ್ಟಿರುತ್ತೆ. ನಾವು ಮೇಲಿಂದ ಅಳೀತೀವಿ, ಇನ್ನೊಂದು ಟೀಮು ಕೆಳಗೆ ತೂತು ಕೊರೆದು ಟೇಪು ಇಳಿಸಿ ಅಳೆಯುತ್ತೆ. ಎರಡೂ ತಾಳೆ ಆಗ್ಬೇಕು."

ಧ್ರುವಕ್ಕೆ ಹೋಗುವ ವಿಮಾನದಲ್ಲಿ ಲೆಕ್ಕದವರಿಗೆ ಇದ್ದದ್ದು ಒಂದೇ ಸೀಟು. ಆಕಾಂಕ್ಷಿಗಳು ಇಬ್ಬರು: ನಮ್ಮ ಮಾನಸಾ, ಮತ್ತೆ ಮತ್ತಿಯಾಸ್ ಎಂಬ ಸ್ವೀಡಿಶ್ ಹುಡುಗ. ಟ್ರಯಲ್‌ನಲ್ಲಿ ಯಾರ ಲೆಕ್ಕ ಟೇಪಿನ ಅಳತೆಗೆ ಹತ್ತಿರ ಬರುತ್ತದೋ ಅವರಿಗೆ ಸೀಟು. ಮಾನಸಾ ಈ ಒಂದು ಹಾರಾಟಕ್ಕಾಗಿ ವರ್ಷಗಟ್ಟಲೆ ಕಾದಿದ್ದಳು. ಇದು ತಪ್ಪಿದರೆ ಮುಂದಿನ ಹಾರಾಟದ ಹೊತ್ತಿಗೆ ಅವಳ ಪಿಎಚ್‌ಡಿ ಮುಗಿದೇ ಹೋಗಿರುತ್ತಿತ್ತು. ತಾನು ಲೆಕ್ಕ ಹಾಕುವ ಧ್ರುವದ ಮಂಜನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಮುಗಿಸಬೇಕಾಗುತ್ತಿತ್ತು.

ಅವಳ ಗುರು ಲೆನ್ನಾರ್ಟ್‌ನನ್ನು ಫೀಕಾ ಹೊತ್ತಿನಲ್ಲಿ ನೋಡಿದೆ. ಫೀಕಾ ಅಂದರೆ ಎಲ್ಲರೂ ಕೆಲಸ ಬಿಟ್ಟು ಒಟ್ಟಿಗೆ ಕೂತು ಕಾಫಿ ಕುಡಿದು ದಾಲ್ಚಿನ್ನಿ ಬನ್ನು ತಿನ್ನುವ ಶಾಸ್ತ್ರ. ಲೆನ್ನಾರ್ಟ್ ಉದ್ದನೆಯ, ಮಾತು ಕಮ್ಮಿಯ ಮನುಷ್ಯ. ಹೌದು ಅನ್ನಬೇಕಾದಾಗ ಬಾಯಿಂದ ಮಾತೇ ಬರುವುದಿಲ್ಲ, ಹಾವು ತುಳಿದವನ ಹಾಗೆ ಸುಯ್ಯೆಂದು ಉಸಿರು ಒಳಗೆ ಎಳೆಯುತ್ತಾನೆ. ಉತ್ತರದ ಕಡೆಯವರು ಹೌದು ಅನ್ನುವುದೇ ಹಾಗಂತೆ. "ಮಾನಸಾ ಚೆನ್ನಾಗಿ ಕೆಲಸ ಮಾಡುತ್ತಾಳೆಯೇ?" ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಸಿಕ್ಕಿದ್ದು ಅಂಥ ಒಂದು ಉಸಿರು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ಮನಸ್ಸಿನಲ್ಲಿ ಏನೋ ಇಟ್ಟುಕೊಂಡವರು ಮಾತ್ರ ಹೀಗೆ ಇರುತ್ತಾರೆ.

"ಮತ್ತಿಯಾಸ್ ಅವರ ಜನ ಕಣೇ. ನೀನು ಹೊರಗಿನವಳು. ಸೀಟು ಯಾರಿಗೆ ಅಂತ ಆಗ್ಲೇ ತೀರ್ಮಾನ ಆಗಿರುತ್ತೆ ನೋಡು" ಅಂದೆ ಮನೆಗೆ ಬರುವಾಗ.

"ಅತ್ತೆ, ಪ್ಲೀಸ್. ಇದು ನಿಮ್ಮ ಸ್ಕ್ವಾಡ್ ಅಲ್ಲ" ಎಂದು ನಕ್ಕಳು.

ಲೂಲಿಯೊ, ಸಮುದ್ರದ ಮೇಲೆ

ಲೂಲಿಯೊದಲ್ಲಿ ಜನ ಸಮುದ್ರದ ಮೇಲೆ ಕಾರು ಓಡಿಸುತ್ತಾರೆ. ಮಕ್ಕಳು ಸಮುದ್ರದ ಮೇಲೆ ಸ್ಕೇಟಿಂಗ್ ಮಾಡುತ್ತಾರೆ, ನಾಯಿಗಳು ಸಮುದ್ರಕ್ಕೇ ಕಾಲೆತ್ತುತ್ತವೆ. ಟ್ರಯಲ್‌ಗೆ ಹೊರಟ ಮಾನಸಾಳ ಜೊತೆ ಬಂದಿದ್ದ ನಾನು ದಡದಲ್ಲಿ ನಿಂತು ಕಾಲಿನ ತುದಿಯಿಂದ ಒತ್ತಿ ನೋಡಿದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಬೆಳ್ಳಗಿದ್ದದ್ದೆಲ್ಲ ನೆಲವೂ ಅಲ್ಲ.

ನೆಲದ ತಂಡದ ಮುಖ್ಯಸ್ಥೆ ಬಿರ್ಗಿಟ್ಟಾ. ನನ್ನ ವಯಸ್ಸಿನವಳು, ಎತ್ತಿನ ಗಾಡಿಯಷ್ಟು ಗಟ್ಟಿ. ಅವಳ ಸಹಾಯಕನಿಗೆ ಜ್ವರ ಬಂದಿತ್ತು. ವಿಮಾನದವರು ಹೊರಟುಹೋದ ಮೇಲೆ ಹೋಟೆಲಿನಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದು ನನ್ನಿಂದಾಗದೆ, ನಾನೂ ಬರಲೇ ಎಂದು ಅವಳನ್ನು ಕೇಳಿದೆ. ಮೇಲಿಂದ ಕೆಳಗೆ ನೋಡಿ, "ಟೇಪು ಓದಲು ಬರುತ್ತದೆಯೇ?" ಎಂದು ಕೇಳಿದಳು. ಮೈಯೆಲ್ಲ ಉರಿಯಿತು. ಎಷ್ಟು ಮಕ್ಕಳಿಗೆ ಸ್ಕೇಲು ಹಿಡಿಯಲು ಕಲಿಸಿದ್ದೇನೆ ಎಂದು ಇವಳಿಗೇನು ಗೊತ್ತು! ಬರುತ್ತದೆ ಎಂದು ಗಂಭೀರವಾಗಿ ಹೇಳಿದೆ. ಗಗನಯಾತ್ರಿಗಳದಂಥ ಒಂದು ಅಂಗಿ ತೊಡಿಸಿ, ಮಂಜಿನ ಮೇಲೆ ಓಡುವ ಸ್ಕೂಟರಿನ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಮೂಟೆಯ ಹಾಗೆ ಹೇರಿಕೊಂಡು ಹೋದರು. ಸ್ಕೂಟರ್ ಓಡಿಸುತ್ತಿದ್ದವನು ಆ ಊರಿನವನೇ, ಗಡ್ಡದವನು.

ಬಿರ್ಗಿಟ್ಟಾ ಕೊರೆಯುವವಳು, ನಾನು ತುದಿಗೆ ಕೊಕ್ಕೆಯಿರುವ ಟೇಪನ್ನು ತೂತಿನಲ್ಲಿ ಇಳಿಸಿ, ಕೊಕ್ಕೆ ಮಂಜಿನ ಅಡಿಗೆ ಸಿಕ್ಕ ಮೇಲೆ ಓದಿ ಹೇಳುವವಳು. ಎರಡು ಮೂರು ತೂತು ಆಗುವಷ್ಟರಲ್ಲಿ ನನ್ನ ಹಳೆಯ ರೋಗ ಎದ್ದಿತು. ಇವಳು ತೆಳ್ಳಗಿರುವ ಜಾಗವನ್ನೇ ಆರಿಸಿ ಕೊರೆಯುತ್ತಿದ್ದಾಳೆಯೇ? ಮಂಜು ಕರಗುತ್ತಿದೆ ಎಂದು ಜಗತ್ತನ್ನು ಹೆದರಿಸುವವರಿಗೆ ತೆಳ್ಳಗಿದ್ದಷ್ಟೂ ಅನುಕೂಲವಲ್ಲವೇ? ಬಾಯಿ ಬಿಟ್ಟು ಕೇಳಿಯೇಬಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. "ವಿಮಾನ ಹಾರುವ ಗೆರೆಯ ಮೇಲಿನ ಜಾಗಗಳನ್ನು ಮೊದಲೇ ಚೀಟಿ ಎತ್ತಿದ ಹಾಗೆ ಆರಿಸಿದ್ದೇವೆ. ನಂಬಿಕೆ ಇಲ್ಲದಿದ್ದರೆ ನೀನೊಂದು ಜಾಗ ತೋರಿಸು, ಅಲ್ಲೂ ಕೊರೆಯೋಣ" ಎಂದು ಕೊರೆಯುವ ಯಂತ್ರವನ್ನು ಹೆಗಲಿಗೇರಿಸಿದಳು. ನಾನು ದೂರದಲ್ಲೊಂದು ಕಡೆ ತೋರಿಸಿದೆ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ.

ಆದರೆ ನಾನು ಓದಿ ಹೇಳಿದ ಪ್ರತಿ ಅಳತೆಯನ್ನೂ ಅವಳು ಬಗ್ಗಿ ಇನ್ನೊಮ್ಮೆ ಓದುತ್ತಿದ್ದಳು. "ನನ್ನ ಮೇಲೆ ಅನುಮಾನವೇ?" ಅಂದೆ. "ಹೌದು" ಅಂದಳು ತಣ್ಣಗೆ. "ನನ್ನ ಮೇಲೂ ಇದೆ. ಅದಕ್ಕೇ ಇಬ್ಬರು ಬರುವುದು." ಕೂಸನ್ನು ಬೀದಿಯಲ್ಲಿ ಬಿಟ್ಟು ಕಾಫಿ ಕುಡಿಯುವ ಜನ ಟೇಪಿನ ಒಂದು ಗೆರೆಯನ್ನು ಮಾತ್ರ ಹೆತ್ತ ತಾಯಿ ಓದಿದರೂ ನಂಬುವುದಿಲ್ಲ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೆ ಅವಳು ತುಂಬ ಇಷ್ಟವಾದಳು. ನಮ್ಮ ಜಾತಿಯವಳೇ ಅನ್ನಿಸಿತು, ಅನುಮಾನದ ಜಾತಿ.

ಅಷ್ಟರಲ್ಲಿ ವಿಮಾನ ಬಂತು. ಎಷ್ಟು ಕೆಳಗೆ ಅಂದರೆ ನಾನು ತಲೆ ತಗ್ಗಿಸಿದೆ. ನಾವು ಕೊರೆದ ತೂತುಗಳ ಗುಂಟವೇ ನೆಟ್ಟಗೆ ಹೋಯಿತು, ತಿರುಗಿತು, ಮತ್ತೆ ಅದೇ ದಾರಿಯಲ್ಲಿ ಬಂತು. ಒಳಗೆ ಮಾನಸಾ ಇದ್ದಳು. ನನ್ನ ಮಡಿಲಲ್ಲಿ ಕೂತು ಮಗ್ಗಿ ಹೇಳುತ್ತಿದ್ದ ಮಗು! ಎರಡೂ ಕೈ ಎತ್ತಿ ಬೀಸಿದೆ, ಕಣ್ಣಲ್ಲಿ ನೀರು ಬಂದು ರೆಪ್ಪೆಯ ಮೇಲೆ ಗಟ್ಟಿಯಾಯಿತು.

ಅಂದು ನಾನು ಅಳೆದ ಮಂಜು ಎಲ್ಲಿಯೂ ನನ್ನ ಮೊಣಕಾಲು ದಾಟಲಿಲ್ಲ.

ಹೋಟೆಲಿನ ಊಟದ ಮನೆ

ಹೋಟೆಲಿಗೆ ಬಂದು, ಕೈ ತೊಳೆದು, ಮಾನಸಾಳ ಪಕ್ಕ ಕೂರಲು ಹೋದರೆ ಬಿರ್ಗಿಟ್ಟಾ ನನ್ನ ತೋಳು ಹಿಡಿದಳು. ನೆಲದ ತಂಡಕ್ಕೊಂದು ಮೇಜು, ವಿಮಾನದ ತಂಡಕ್ಕೊಂದು ಮೇಜು. ನಾಳೆ ಬೆಳಗಿನ ಸಭೆಯಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಅಳತೆ ಹೇಳುವವರೆಗೆ ಇವರು ಅವರ ಜೊತೆ ಊಟ ಮಾಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಉಗಿಸ್ನಾನದ ಕೋಣೆಗೂ ಒಟ್ಟಿಗೆ ಹೋಗುವ ಹಾಗಿಲ್ಲ. ಟೇಪು ಹಿಡಿದದ್ದರಿಂದ ನಾನೂ ನೆಲದವಳು. ಮಾನಸಾಳ ಕೋಣೆಯಲ್ಲಿದ್ದ ನನ್ನ ಸೂಟ್‌ಕೇಸನ್ನು ಆಗಲೇ ಬೇರೆ ಕೋಣೆಗೆ ಸಾಗಿಸಿದ್ದರು.

ನಮ್ಮಜ್ಜಿ ಮಡಿಯುಟ್ಟರೆ ಹೀಗೆಯೇ ಇತ್ತು. ಮಕ್ಕಳು ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ, ದೂರ ದೂರ ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು. ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು ಅಂದುಕೊಂಡರೆ, ಇಷ್ಟು ದೂರ ಬಂದು ವಿಜ್ಞಾನಿಗಳ ಪಂಕ್ತಿಭೇದ ನೋಡಬೇಕಾಯಿತು. ಆಲೂಗಡ್ಡೆ ಬಿಟ್ಟರೆ ನಾನು ತಿನ್ನುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮಾನಸಾಳ ಬ್ಯಾಗಿನಲ್ಲಿ ನಾನೇ ತಂದ ಚಟ್ನಿಪುಡಿ ಇತ್ತು, ಕೇಳುವ ಹಾಗಿರಲಿಲ್ಲ.

ದೂರದಿಂದಲೇ ಅವಳನ್ನು ನೋಡಿದೆ. ಊಟ ಮಾಡುತ್ತಿರಲಿಲ್ಲ. ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು, ಉಗುರು ಕಚ್ಚುವುದು. ಪರೀಕ್ಷೆಯ ಹಿಂದಿನ ದಿನದ ಮುಖ ಅದು, ನನಗೆ ಗೊತ್ತಿಲ್ಲವೇ? ಮತ್ತಿಯಾಸ್ ಮಾತ್ರ ನಿಶ್ಚಿಂತೆಯಿಂದ ಮೀನು ಬಿಡಿಸಿ ತಿನ್ನುತ್ತಿದ್ದ. ಊಟವಾದ ಮೇಲೆ ನಾನು ಕೈ ತೊಳೆಯಲು ಹೋದಾಗ, ಮತ್ತಿಯಾಸ್ ಮತ್ತು ನಮ್ಮ ಸ್ಕೂಟರಿನ ಗಡ್ಡದವನು ಬಾಗಿಲ ಹತ್ತಿರ ನಿಂತು ಸ್ವೀಡಿಶ್‌ನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ನನ್ನನ್ನು ಕಂಡು ಸುಮ್ಮನಾದರು.

ಸಿಕ್ಕಿಬಿದ್ದರು ಅಂದುಕೊಂಡೆ. ಗಡ್ಡದವನು ದಿನವಿಡೀ ನಮ್ಮ ಜೊತೆ ಮಂಜಿನ ಮೇಲಿದ್ದವನು. ಅವನಿಗೆ ಗೊತ್ತಿದ್ದದ್ದು ಈಗ ಮತ್ತಿಯಾಸ್‌ಗೂ ಗೊತ್ತು. ನಿಯಮ ಯಾರಿಗೆ? ನಮಗೆ! ಅವರು ಅವರ ಭಾಷೆಯಲ್ಲಿ ಉತ್ತರ ದಾಟಿಸಿಕೊಳ್ಳಲಿ, ನಮ್ಮ ಹುಡುಗಿ ಉಗುರು ಕಚ್ಚಿಕೊಂಡು ಕೂತಿರಲಿ.

ಬೂಟು ಬಿಡುವ ಕೋಣೆ

ಆ ಹೋಟೆಲಿನಲ್ಲಿ ಬೂಟು ಕಳಚಿಡಲು ಬಾಗಿಲ ಪಕ್ಕ ಒಂದು ಪುಟ್ಟ ಕೋಣೆ ಇತ್ತು. ಮಾನಸಾ ಗಾಳಿಗೆಂದು ಹೊರಗೆ ಹೋಗಿ ಬಂದವಳು ಅಲ್ಲಿ ಬೆಂಚಿನ ಮೇಲೆ ಕೂತು ದಾರ ಬಿಚ್ಚುತ್ತಿದ್ದಳು. ನಾನೂ ಹೋಗಿ ಬೂಟಿನ ದಾರ ಸಿಕ್ಕಾಗಿದೆ ಎಂಬಂತೆ ಬಗ್ಗಿದೆ.

"ಅತ್ತೆ, ನಾವು ಮಾತಾಡೋ ಹಾಗಿಲ್ಲ" ಅಂದಳು ಮೆಲ್ಲಗೆ.

"ಮಾತೆಲ್ಲಿ ಆಡ್ತಿದೀನಿ? ನನ್ನ ಪಾಡಿಗೆ ನಾನು ಹೇಳ್ಕೊತಿದೀನಿ. ಗಾಬರಿ ಆಗ್ಬೇಡ. ಎಲ್ಲೂ ಮೊಣಕಾಲು ದಾಟಿಲ್ಲ."

ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಆದರೆ ಮಾತು ಒಳಗೆ ಹೋಗಿ ಆಗಿತ್ತು.

"ಅಯ್ಯೋ ಅತ್ತೆ! ಯಾಕ್ ಹೇಳಿದ್ರಿ?"

"ಶ್! ಕೂಗಬೇಡ್ವೇ. ಯಾರಿಗೆ ಗೊತ್ತಾಗುತ್ತೆ? ಈ ಊರಲ್ಲಿ ಕನ್ನಡ ಯಾರಿಗೆ ಬರುತ್ತೆ?"

"ನನಗೆ ಬರುತ್ತಲ್ಲ!" ಅಂದಳು. ಮುಖ ಬಿಳಿಚಿಕೊಂಡಿತ್ತು.

"ಆ ಮತ್ತಿಯಾಸ್‌ಗೆ ಗಡ್ಡದವನು ಎಲ್ಲ ಹೇಳಿದಾನೆ. ನನ್ನ ಕಣ್ಣಾರೆ ನೋಡಿದೀನಿ."

"ಅವರು ಐಸ್ ಹಾಕಿ ಮ್ಯಾಚ್ ಬಗ್ಗೆ ಮಾತಾಡ್ತಿದ್ರು ಅತ್ತೆ. ನಾನು ಅಲ್ಲೇ ಹಿಂದೆ ಇದ್ದೆ. ನನಗೂ ಸ್ವೀಡಿಶ್ ಬರುತ್ತೆ." ಒಂದು ಬೂಟು ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದಳು.

ನಾನು ಅಲ್ಲೇ ಕೂತೆ. ಸ್ಕ್ವಾಡಿನವಳೇ ಉತ್ತರ ದಾಟಿಸಿದಳು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಹಾಗಿದ್ದರೂ ಒಳಗೊಳಗೆ ಸಮಾಧಾನವೇ ಇತ್ತು. ಹೇಗಾದರೂ ಆಗಲಿ, ಹುಡುಗಿಗೆ ಒಂದು ದಾರಿ ಸಿಕ್ಕಿತಲ್ಲ. ಸುಮ್ಮನಿದ್ದರೆ ಆಯಿತು, ಬೆಳಿಗ್ಗೆ ಎಲ್ಲ ಸರಿಹೋಗುತ್ತದೆ.

ಸಭೆ

ಬೆಳಿಗ್ಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತರು. ಕಾಫಿ ಬಂತು, ಬನ್ನು ಬಂತು. ಬಿರ್ಗಿಟ್ಟಾ ಅಳತೆ ಹೇಳಲು ಬಾಯಿ ತೆರೆಯುವ ಮುಂಚೆ ಮಾನಸಾ ಕೈ ಎತ್ತಿದಳು.

"ನಿನ್ನೆ ನೆಲದ ತಂಡದ ಅಳತೆಯ ಬಗ್ಗೆ ನನ್ನ ಕಿವಿಗೆ ಒಂದು ಮಾತು ಬಿದ್ದಿದೆ. ನನ್ನ ಲೆಕ್ಕ ಅದಕ್ಕೂ ಮೊದಲೇ ಮುಗಿದಿತ್ತು. ಆದರೆ ಅದನ್ನು ರುಜುವಾತು ಮಾಡಲು ನನ್ನಲ್ಲಿ ಏನೂ ಇಲ್ಲ." ಇಂಗ್ಲಿಷಿನಲ್ಲಿ, ಒಂದೇ ಉಸಿರಿನಲ್ಲಿ, ಇಷ್ಟು ಹೇಳಿದಳು.

ಯಾರು ಹೇಳಿದರು ಎಂದು ಒಬ್ಬರೂ ಕೇಳಲಿಲ್ಲ. ನಮ್ಮಲ್ಲಾಗಿದ್ದರೆ ಮೊದಲ ಪ್ರಶ್ನೆಯೇ ಅದು. ಎಲ್ಲರೂ ತಮ್ಮ ತಮ್ಮ ಲೋಟ ನೋಡುತ್ತ ಕೂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರೆ, ಇಲ್ಲಿ ಅನ್ನುವವರೂ ಇಲ್ಲದೆ ನನ್ನ ಹೆಗಲು ಉರಿಯತೊಡಗಿತು. ಎದ್ದು ನಿಂತೆ.

"ಹೇಳಿದ್ದು ನಾನು. ಅವಳು ಕೇಳಲಿಲ್ಲ, ಕಿವಿ ಮುಚ್ಚಿಕೊಂಡಳು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ಅತ್ತೆ ಒಂದು ಮೇಜು, ಸೊಸೆ ಒಂದು ಮೇಜು ಎಂದು ಕೂರಿಸಿದವರು ನೀವು. ಅವಳು ಸುಳ್ಳು ಹೇಳುವವಳಲ್ಲ, ನಂಬಿ!"

ಲೆನ್ನಾರ್ಟ್ ಸುಯ್ಯೆಂದು ಉಸಿರೆಳೆದುಕೊಂಡ. "ನಂಬುತ್ತೇನೆ" ಅಂದ. ನಾನು ಅವನ ಬಾಯಲ್ಲಿ ಕೇಳಿದ ಅತಿ ಉದ್ದದ ಮಾತು ಆಮೇಲೆ ಬಂತು. "ಆದರೆ ಧ್ರುವದ ಹತ್ತಿರ ನಾವು ಹಾರುವ ಜಾಗದಲ್ಲಿ ಕೆಳಗೆ ತೂತು ಕೊರೆಯುವವರು ಯಾರೂ ಇರುವುದಿಲ್ಲ. ಅಲ್ಲಿಯ ಅಳತೆಯನ್ನು ಜನ ನಂಬಬೇಕೆಂದರೆ ಇಲ್ಲಿಯದು ಶುದ್ಧವಾಗಿರಬೇಕು. ಇವಳ ಲೆಕ್ಕವನ್ನು ಈ ಪರೀಕ್ಷೆಗೆ ಹಿಡಿಯಲು ಬರುವುದಿಲ್ಲ."

"ಹಾಗಾದರೆ ಇನ್ನೊಮ್ಮೆ ಹಾರಿಸಿ" ಅಂದೆ. ಅವನು ಕಿಟಕಿಯ ಕಡೆ ಕೈ ತೋರಿಸಿದ. ಹಿಮ ಹೊತ್ತ ಮೋಡ ಸಮುದ್ರದ ಕಡೆಯಿಂದ ಏರಿ ಬರುತ್ತಿತ್ತು, ಅದು ಮುಚ್ಚಿಕೊಳ್ಳುವ ಮುಂಚೆ ವಿಮಾನ ಉತ್ತರಕ್ಕೆ ಹೊರಡಬೇಕಿತ್ತು.

ಬಿರ್ಗಿಟ್ಟಾ ಅಳತೆ ಹೇಳಿದಳು. ಮತ್ತಿಯಾಸ್ ತನ್ನದು ಹೇಳಿದ. ಒಂದು ಕಡೆ ಸ್ವಲ್ಪ ದಪ್ಪ ತೋರಿಸಿದ್ದ, ಆದರೆ ಅವರು ಒಪ್ಪಿಕೊಳ್ಳುವ ಮಿತಿಯೊಳಗೇ ಇತ್ತು. ಸೀಟು ಅವನದಾಯಿತು. ಆಮೇಲೆ ಅವನೇ ಮಾನಸಾಳ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ, ಕೆಂಪಗಾಗಿ, "ಇವಳದು ನನ್ನದಕ್ಕಿಂತ ಹತ್ತಿರ ಇದೆ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತುತ್ತು ತಟ್ಟಿ ಬೀಳಿಸಿದವಳು ಎದುರಿಗೇ ಕೂತು ಬನ್ನು ನೋಡುತ್ತಿದ್ದೆ.

ವಿಮಾನದ ಬಯಲು

ವಿಮಾನ ಹೊರಡುವಾಗ ನಾವೆಲ್ಲ ಬಯಲಿನಲ್ಲಿ ನಿಂತಿದ್ದೆವು. ಮಾನಸಾ ಒಳಗೆ ಹತ್ತಿ, ಮತ್ತಿಯಾಸ್‌ಗೆ ಯಾವ ತಂತಿ ಚಳಿಗೆ ಸಡಿಲವಾಗುತ್ತದೆ, ಯಾವ ಗುಂಡಿಯನ್ನು ಎರಡು ಸಲ ಒತ್ತಬೇಕು ಎಂದೆಲ್ಲ ತೋರಿಸಿ ಇಳಿದು ಬಂದಳು. ಅವನು ಅವಳ ಕೈ ಕುಲುಕಿ, ಏನು ಹೇಳಬೇಕೋ ತಿಳಿಯದೆ ಬಾಗಿಲು ಹಾಕಿಕೊಂಡ. ವಿಮಾನ ಮೋಡದ ಅಂಚಿನವರೆಗೆ ಕಾಣಿಸಿ ಮರೆಯಾಯಿತು. ಅವಳು ಆ ಕಡೆಯೇ ನೋಡುತ್ತ ನಿಂತಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾನಸಾ, ನಿನ್ನ ಒಳ್ಳೇದಕ್ಕೇ ಹೇಳಿದ್ನಲ್ಲೇ" ಅಂದೆ. "ಇವರು ನಿನಗೆ ಮೋಸ ಮಾಡ್ತಾರೆ ಅಂತ ಭಯ ಆಯ್ತು. ಇವರ ಮೇಲೆ ನನಗೆ ಮೊದಲಿಂದ್ಲೂ ಅನುಮಾನ ಇತ್ತು."

"ಇಲ್ಲ ಅತ್ತೆ." ಅವಳು ನನ್ನ ಕಡೆ ತಿರುಗಿದಳು. "ಇವರ ಮೇಲೆ ಅನುಮಾನ ಇದ್ದಿದ್ರೆ ಬಿರ್ಗಿಟ್ಟಾನ ಕೇಳ್ತಿದ್ರಿ, ಲೆನ್ನಾರ್ಟ್ ಜೊತೆ ಜಗಳ ಆಡ್ತಿದ್ರಿ. ನೀವು ನನ್ನ ಹತ್ರ ಬಂದ್ರಿ. ನನ್ನ ಲೆಕ್ಕ ಎಷ್ಟು ಬಂದಿದೆ ಅಂತ ಒಂದು ಮಾತು ಕೇಳಲಿಲ್ಲ. ಬಂದವರೇ ಉತ್ತರ ಹೇಳಿದ್ರಿ. ನಾನು ತಪ್ಪು ಮಾಡಿರ್ತೀನಿ ಅಂತ ಆಗ್ಲೇ ಅಂದ್ಕೊಂಡು ಬಂದಿದ್ರಿ."

ಬಿರ್ಗಿಟ್ಟಾ ಕಾರಿನ ಹತ್ತಿರ ನಿಂತು ನಮಗಾಗಿ ಕಾಯುತ್ತಿದ್ದಳು, ಲೆನ್ನಾರ್ಟ್ ಬೆನ್ನು ತಿರುಗಿಸಿ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಮಾನಸಾ ನನ್ನ ತೋಳು ಹಿಡಿದು, "ಜಾರುತ್ತೆ, ನೋಡ್ಕೊಂಡ್ ಬನ್ನಿ" ಎಂದು ನಡೆಸಿಕೊಂಡು ಹೊರಟಳು.

ಆ ಬಯಲಿನಲ್ಲಿ ನಿಂತವರೆಲ್ಲ ಅವಳ ಲೆಕ್ಕವನ್ನು ನಂಬಿದ್ದರು. ನಂಬದೆ ಇದ್ದವಳು ಒಬ್ಬಳೇ, ಅವಳ ಸೋದರತ್ತೆ.